ಮನೆಯಿಂದ ನಾಲ್ಕು ರಸ್ತೆ ಆಚೆಗೊಂದು ಕಚೇರಿ: ದಾವಣಗೆರೆ, ಹರಿಹರದಲ್ಲಿ ಕೂಡಿ ಕೂತು ಕೆಲಸ ಮಾಡುವ ಬಗೆ

ವಿದ್ಯಾನಗರದ ಮನೆಯೊಂದರ ಮಹಡಿ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೋ ನೇರ ಅಮೆರಿಕದ ಕಂಪನಿಗೋ ದುಡಿಯುವವರು ದಾವಣಗೆರೆಯಲ್ಲಿ ಈಗ ಅಪರೂಪವೇನಲ್ಲ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಕೆಲವರು ಮರಳಿ ಹೋಗಲೇ ಇಲ್ಲ. ತಂದೆ ತಾಯಿಗೆ ವಯಸ್ಸಾಗಿದೆ, ಬೆಂಗಳೂರಿನ ಬಾಡಿಗೆ ಉಳಿಯುತ್ತದೆ, ಊಟ ಮನೆಯದು. ಕಷ್ಟವೇನು ಎಂದು ಕೇಳಿದರೆ ಇವರು ಮೊದಲು ನೆಟ್ ಎನ್ನುತ್ತಾರೆ, ಆಮೇಲೆ ಕರೆಂಟ್ ಎನ್ನುತ್ತಾರೆ. ಇನ್ನಷ್ಟು ಹೊತ್ತು ಮಾತಾಡಿಸಿದರೆ ಬೇರೆಯದೊಂದು ಹೊರಬರುತ್ತದೆ: ಬೆಳಗಿನಿಂದ ಸಂಜೆವರೆಗೆ ಎದುರಿಗೆ ಕೂತು ಮಾತಾಡಲು ಒಬ್ಬರೂ ಇಲ್ಲ. ಮನೆಯವರಿಗೋ, ಮನೆಯಲ್ಲಿರುವವನು ಕೆಲಸದಲ್ಲಿದ್ದಾನೆ ಎಂದು ಅನಿಸುವುದೇ ಇಲ್ಲ. ‘ಸುಮ್ನೆ ಕೂತಿದ್ದೀಯಲ್ಲಪ್ಪ, ಗಿರಣಿಗೆ ಹೋಗಿ ಹಿಟ್ಟು ಹಾಕಿಸಿಕೊಂಡು ಬಾ’ ಎಂಬ ಮಾತು ಮೀಟಿಂಗ್ ನಡುವೆಯೇ ಬರುತ್ತದೆ. ಸೊಸೆಯಾದರೆ ಆ ಮಾತು ದಿನಕ್ಕೆ ಹತ್ತು ಸಲ.

ಇದಕ್ಕಿರುವ ಉಪಾಯ ಕೋವರ್ಕಿಂಗ್: ಬೇರೆ ಬೇರೆ ಕಂಪನಿಯವರು ಒಂದೇ ಕಚೇರಿಯ ಮೇಜು, ನೆಟ್, ಕರೆಂಟ್, ಚಹಾ ಹಂಚಿಕೊಂಡು ಕೆಲಸ ಮಾಡುವ ಏರ್ಪಾಡು. 2005ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಇದನ್ನು ಶುರುಮಾಡಿದಾಗ ಅವರಿಗೆ ಬೇಕಿದ್ದುದೂ ಇದೇ: ಒಂಟಿಯಾಗಿ ದುಡಿಯುವವನ ಸ್ವಾತಂತ್ರ್ಯ, ಜೊತೆಗೆ ಕಚೇರಿಯ ಒಡನಾಟ. ಮುಂದೆ ಇದನ್ನು ಕಡಲತೀರದ ಊರುಗಳು ಬೇಗ ಹಿಡಿದುಕೊಂಡವು. ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದ ಪೊಂಟಾ ಡೋ ಸೋಲ್ ಎಂಬ ಪುಟ್ಟ ಊರು 2021ರ ಫೆಬ್ರುವರಿಯಲ್ಲಿ ತನ್ನ ಸಾಂಸ್ಕೃತಿಕ ಕೇಂದ್ರದಲ್ಲೇ ಮೇಜು ಕುರ್ಚಿ ಹಾಕಿ, ನೆಟ್ ಕೊಟ್ಟು, ದೂರದ ಕೆಲಸಗಾರರನ್ನು ಕರೆಯಿತು. ನಮ್ಮಲ್ಲಿ ಗೋವಾ, ಕೇರಳದ ವರ್ಕಲಾ, ಈಚೆಗೆ ಗೋಕರ್ಣ ಇದೇ ದಾರಿಯಲ್ಲಿವೆ. ಮಂಗಳೂರನ್ನು ರಾಜ್ಯದ ಡಿಜಿಟಲ್ ಎಕಾನಮಿ ಮಿಷನ್ ‘ಸಿಲಿಕಾನ್ ಬೀಚ್’ ಎಂದು ಹೊರಗಿನವರಿಗೆ ಪರಿಚಯಿಸುತ್ತಿದೆ.

ಅಂಥ ಕಡೆ ಜನ ತಿಂಗಳುಗಟ್ಟಲೆ ನಿಲ್ಲುವುದು ಅಲೆ ನೋಡಲೆಂದೇ ಎಂದು ನನಗನಿಸುವುದಿಲ್ಲ. ಅಲೆ ನಾಲ್ಕು ದಿನಕ್ಕೆ ಹಳತಾಗುತ್ತದೆ. ಮಧ್ಯಾಹ್ನ ಒಟ್ಟಿಗೆ ಊಟ, ವಾರಕ್ಕೊಮ್ಮೆ ಯಾರಾದರೂ ತಮಗೆ ಗೊತ್ತಿದ್ದನ್ನು ಹೇಳಿಕೊಡುವ ಸಂಜೆ, ಹೊಸಬರು ಬಂದರೆ ಎಲ್ಲರಿಗೂ ಪರಿಚಯಿಸುವ ಒಬ್ಬರು: ಇವು ಜನರನ್ನು ಅಲ್ಲಿ ಹಿಡಿದು ನಿಲ್ಲಿಸುತ್ತವೆ. ಇವುಗಳಲ್ಲಿ ಯಾವುದಕ್ಕೂ ಸಮುದ್ರ ಬೇಕಿಲ್ಲ. ಸಂಜೆಯಾದರೆ ಖಾರ ಮಂಡಕ್ಕಿ ಅಂಗಡಿ ಮುಂದೆ ನಿಂತು ಗುರುತಿಲ್ಲದವರ ಜೊತೆಗೂ ಮಾತಿಗಿಳಿಯುವ ಊರಿಗೆ ಇದು ಹೊಸ ಪಾಠವೂ ಅಲ್ಲ.

ಮೊದಲು ನೆಟ್ ವಿಷಯ ಮುಗಿಸೋಣ. ವಿಡಿಯೊ ಕಾಲ್‌ನಲ್ಲಿ ಚಿತ್ರ ಸ್ಪಷ್ಟವಾಗಿರಲು ಒಬ್ಬರಿಗೆ ಸೆಕೆಂಡಿಗೆ 3–4 ಮೆಗಾಬಿಟ್ ಸಾಕು. ಆದರೆ ಅದು ಹೋಗುವ ದಿಕ್ಕಿಗೂ ಬೇಕು, ಬರುವ ದಿಕ್ಕಿಗೂ ಬೇಕು. ಹತ್ತು ಜನ ಒಟ್ಟಿಗೆ ಕಾಲ್‌ನಲ್ಲಿದ್ದರೆ ಅಪ್‌ಲೋಡ್ 40 ಮೆಗಾಬಿಟ್. ಎರಡೂ ಕಡೆ 100 ಮೆಗಾಬಿಟ್ ಕೊಡುವ ಫೈಬರ್ ಸಂಪರ್ಕ ಇದಕ್ಕೆ ಧಾರಾಳ. ಕೆಲವು ಪ್ಲಾನ್‌ಗಳಲ್ಲಿ ಡೌನ್‌ಲೋಡ್ ಮಾತ್ರ ಹೆಚ್ಚು, ಅಪ್‌ಲೋಡ್ ಕಡಿಮೆ ಇರುತ್ತದೆ. ಹಣ ಕಟ್ಟುವ ಮೊದಲು ಅಪ್‌ಲೋಡ್ ಎಷ್ಟೆಂದು ಬಾಯಿಬಿಟ್ಟು ಕೇಳಬೇಕು. ವೇಗಕ್ಕಿಂತ ಮುಖ್ಯ ಎರಡನೇ ಲೈನು. ಅದು ಬೇರೆ ಕಂಪನಿಯದಾದರೆ ಸಾಲದು, ಬೇರೆ ದಾರಿಯಿಂದ ಬಂದಿರಬೇಕು. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಹಾದು ಬಂದಿದ್ದರೆ, ರಸ್ತೆ ಅಗೆದ ದಿನ ಇಲ್ಲವೇ ಮರದ ಕೊಂಬೆ ಬಿದ್ದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೆಯದು ಮೊಬೈಲ್ ಸಿಮ್ ಹಾಕುವ 5ಜಿ ರೌಟರ್ ಆದರೂ ಸರಿ.

ಕರೆಂಟ್‌ನದು ಸ್ವಲ್ಪ ಲೆಕ್ಕ. ಎರಡೂ ಊರಿಗೆ ವಿದ್ಯುತ್ ಕೊಡುವುದು ಬೆಸ್ಕಾಂ. ರಿಪೇರಿಗೆಂದು ಲೈನ್ ತೆಗೆಯುವ ದಿನ ಯಾವ ಬಡಾವಣೆಗೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕರೆಂಟ್ ಇರುವುದಿಲ್ಲ ಎಂಬುದು ಜನತಾವಾಣಿಯಂಥ ಊರಿನ ಪತ್ರಿಕೆಗಳಲ್ಲಿ ಬರುತ್ತದೆ. ಬೆಳಗ್ಗೆ ಅದನ್ನು ನೋಡಿ ಗ್ರೂಪಿಗೆ ಹಾಕುವವರು ಒಬ್ಬರಿದ್ದರೆ ಅರ್ಧ ತಾಪತ್ರಯ ಮುಗಿದಂತೆ. ಹೇಳದೆ ಹೋಗುವ ಕರೆಂಟಿಗೆ ಯುಪಿಎಸ್, ಅಂದರೆ ಬ್ಯಾಟರಿ ಇರುವ ಇನ್ವರ್ಟರ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಕೈಗೆ ಸಿಗುವುದು ಸುಮಾರು 1,200. ಎಂಟು ಲ್ಯಾಪ್‌ಟಾಪ್‌ಗೆ 400 ವ್ಯಾಟ್, ಮೂರು ಹಳೆಯ ಫ್ಯಾನಿಗೆ 200, ಮೋಡೆಮ್ ರೌಟರ್‌ಗೆ 25. ಎರಡು ಗಂಟೆ ತುಂಬುವುದರೊಳಗೆ ಬ್ಯಾಟರಿ ಬರಿದು. ಫ್ಯಾನುಗಳನ್ನು ಬಿಎಲ್‌ಡಿಸಿ ಮಾದರಿಗೆ ಬದಲಿಸಿದರೆ ಫ್ಯಾನಿನ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಫ್ಯಾನಿಲ್ಲದ ಕೋಣೆಯಲ್ಲಿ ಯಾರೂ ಕೂರಲಾರರು, ಆದ್ದರಿಂದ ಈ ಖರ್ಚು ಮೊದಲು ಮಾಡುವಂಥದ್ದು.

ಇನ್ನೆರಡು ಸಣ್ಣ ಸಂಗತಿಗಳಿವೆ, ಗೊತ್ತಿಲ್ಲದವರು ದಿನಾ ತೊಂದರೆಪಡುತ್ತಾರೆ. ಕರೆಂಟ್ ಹೋದ ಗಳಿಗೆಯಲ್ಲಿ ಯುಪಿಎಸ್ ಕೆಲಸ ವಹಿಸಿಕೊಳ್ಳುವುದು ಒಂದು ಕ್ಷಣ ತಡವಾದರೂ ರೌಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಕಾಲ್ ಕಡಿದು ಎರಡು ನಿಮಿಷ ಕಾಯಬೇಕು. ಹಲವು ಇನ್ವರ್ಟರ್‌ಗಳ ಹಿಂದೆ ಒಂದು ಸ್ವಿಚ್ ಇರುತ್ತದೆ. ಅದನ್ನು ‘ಯುಪಿಎಸ್’ ಎಂದು ಬರೆದ ಕಡೆಗೆ ಇಟ್ಟರೆ ಬದಲಾವಣೆ ಬೇಗ ಆಗುತ್ತದೆ. ಅಷ್ಟಾದರೂ ಆಗದಿದ್ದರೆ ರೌಟರ್‌ಗೆಂದೇ ಸಿಗುವ ಪುಟ್ಟ ಬ್ಯಾಟರಿ ತಂದು ಹಾಕಬಹುದು. ಎರಡನೆಯದು, ನಿಮ್ಮ ಕೋಣೆಯಲ್ಲಿ ಕರೆಂಟ್ ಇದ್ದರೂ ಬೀದಿಯಾಚೆ ಕೇಬಲ್‌ನವರ ಪೆಟ್ಟಿಗೆಯಲ್ಲಿ ಬ್ಯಾಟರಿ ಸತ್ತಿದ್ದರೆ ನೆಟ್ ಇರುವುದಿಲ್ಲ. ಜಾಗ ಒಪ್ಪಿಕೊಳ್ಳುವ ಮೊದಲು ಅಕ್ಕಪಕ್ಕದವರನ್ನು ಕೇಳಿ: ‘ಕರೆಂಟ್ ಹೋದಾಗ ನಿಮ್ಮಲ್ಲಿ ವೈಫೈ ಇರುತ್ತಾ?’

ದುಡ್ಡಿನ ಲೆಕ್ಕ ಹೀಗೆ. ಒಬ್ಬರಿಗೆ 50–60 ಚದರ ಅಡಿ ಎಂದರೂ ಹತ್ತು ಸೀಟಿಗೆ 600 ಚದರ ಅಡಿ ಬೇಕು. ಅದರಲ್ಲೇ ಚಹಾದ ಮೂಲೆ, ಫೋನಿನ ಕೋಣೆ. ಬಾಡಿಗೆ, ನೆಟ್, ಕರೆಂಟ್, ಕಸ ಗುಡಿಸುವವರ ಸಂಬಳ, ರಿಪೇರಿ ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಹತ್ತಕ್ಕೆ ಹತ್ತು ತುಂಬಿದರೆ ತಲೆಗೆ 4,000. ತುಂಬುವುದಿಲ್ಲ. ಏಳು ತುಂಬುತ್ತದೆ ಎಂದುಕೊಂಡು 5,700ರಂತೆ ದರ ಇಟ್ಟವರು ಉಳಿಯುತ್ತಾರೆ. 4,000ಕ್ಕೆ ಕೊಟ್ಟವರು ಕೈಯಿಂದ ಹಾಕಿಕೊಳ್ಳುತ್ತಾರೆ. ನಡೆಸುವವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಇದರ ಮೇಲೆ 18 ಪರ್ಸೆಂಟ್. ಮನೆಯನ್ನೇ ಹೀಗೆ ಬಳಸುವುದಾದರೆ ಬೆಸ್ಕಾಂ ಮೀಟರನ್ನು ವಾಣಿಜ್ಯ ದರಕ್ಕೆ ಬದಲಿಸಬೇಕು, ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು. ಇದನ್ನು ಆಮೇಲೆ ನೋಡೋಣ ಎಂದು ಬಿಡಬಾರದು.

ಸೀಟು ಹಿಡಿಯುವವರಿಗೂ ಕಾಗದದ ಕೆಲಸವಿದೆ. ಬಿಪಿಓ ಥರದ ಕಂಪನಿಗಳ ನೌಕರರು ಎಲ್ಲಿಂದ ಬೇಕಾದರೂ ಕೆಲಸ ಮಾಡಲು ದಾರಿ ಸಲೀಸಾದದ್ದು ಕೇಂದ್ರದ ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ ನಿಯಮ ಸಡಿಲಿಸಿದ ಮೇಲೆ. ಆದರೂ ಗ್ರಾಹಕರ ದಾಖಲೆ ನೋಡುವ ಕೆಲಸವಾದರೆ, ಹಂಚಿಕೆಯ ಜಾಗದಲ್ಲಿ ಕೂರಬಹುದೇ ಎಂದು ಎಚ್‌ಆರ್‌ನಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆದಿಡಿ. ವಿಪಿಎನ್ ಇಲ್ಲದೆ ಕೂರಬೇಡಿ. ಪಕ್ಕದವರಿಗೆ ಪರದೆ ಕಾಣದಂತೆ ಮಾಡುವ ಫಿಲ್ಟರ್ ಹಾಳೆ ದುಬಾರಿಯಲ್ಲ. ಸ್ವಂತಕ್ಕೆ ದುಡಿಯುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬರುತ್ತದೆ. ಆಗ ಕೋವರ್ಕಿಂಗ್ ವಿಳಾಸವನ್ನೇ ಕೊಡಬಹುದು, ಅದಕ್ಕೆ ಕರಾರುಪತ್ರ, ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಬೇಕು. ನಾಲ್ಕಾರು ಜನರ ಸಾಫ್ಟ್‌ವೇರ್ ತಂಡವಾದರೆ, ದಾವಣಗೆರೆಯಲ್ಲೇ ಇರುವ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ) ಕೇಂದ್ರವನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಈಗ ಒಡನಾಟದ ಮಾತು. ನೆಟ್ಟನ್ನೂ ಬ್ಯಾಟರಿಯನ್ನೂ ದುಡ್ಡು ಕೊಟ್ಟು ತರಬಹುದು. ಒಡನಾಟಕ್ಕೆ ಹೊತ್ತು ಗೊತ್ತು ಮಾಡಬೇಕು. ಹತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಅವರು ಗೆಳೆಯರಾಗುವುದಿಲ್ಲ. ಹತ್ತೂ ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಜೆ ಎದ್ದು ಹೋಗುತ್ತಾರೆ. ಊಟ ಒಂದೂವರೆಗೆ ಎಂದು ನಿಶ್ಚಯವಾದರೆ, ಅದೂ ಕೆಲಸದ ಮೇಜಿನ ಮೇಲಲ್ಲದೆ ಬೇರೆ ಕಡೆ ಆದರೆ, ಮೂರನೇ ವಾರಕ್ಕೆ ಬುತ್ತಿ ಹಂಚಿಕೆ ತಾನಾಗಿ ಶುರುವಾಗುತ್ತದೆ. ರೊಟ್ಟಿ ತಂದವರ ಮುಂದೆ ಬರೀ ಬಿಸ್ಕತ್ತು ತಿಂದುಕೊಂಡು ಕೂರಲು ನಮ್ಮ ಕಡೆ ಯಾರೂ ಬಿಡುವುದಿಲ್ಲ. ನಾಲ್ಕೂವರೆಗೆ ಚಹಾ. ಶನಿವಾರ ಬೆಳಗ್ಗೆ ಬೆಣ್ಣೆದೋಸೆ ತಿಂದುಬಂದು ಒಂದು ಗಂಟೆ ಯಾರಾದರೂ ಹೇಳಿಕೊಡಲಿ: ಒಬ್ಬರು ಎಕ್ಸೆಲ್, ಮತ್ತೊಬ್ಬರು ತೆರಿಗೆ, ಇನ್ನೊಬ್ಬರು ವಿದೇಶಿ ಗ್ರಾಹಕರಿಂದ ಹಣ ತರಿಸುವ ಬಗೆ. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದವರನ್ನು ಆ ಗಂಟೆಗೆ ಕರೆಯಿರಿ. ಊರಲ್ಲೇ ಇಂಥ ಕೆಲಸ ಮಾಡುವವರಿದ್ದಾರೆ ಎಂದು ಅವರು ಕಣ್ಣಾರೆ ನೋಡಬೇಕು. ಇವನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕು. ಆ ಕೆಲಸಕ್ಕೆ ಅವರ ಸೀಟಿನ ಬಾಡಿಗೆಯನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ.

ನಮ್ಮ ಊರಲ್ಲಿ ಎದುರಾಗುವ ಒಂದು ತೊಡಕನ್ನು ಹೇಳಲೇಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ರೀಡಿಂಗ್ ರೂಮ್ ಹುಡುಕಿ ಇಲ್ಲಿಗೂ ಬರುತ್ತಾರೆ. ಖಾಲಿ ಸೀಟಿಗೆ ತಿಂಗಳ ಹಣ ಬರುತ್ತದಲ್ಲ ಎಂದು ಕೊಟ್ಟುಬಿಡುವ ಆಸೆಯಾಗುತ್ತದೆ. ಅವರಿಗೆ ಪಿನ್ ಬಿದ್ದರೂ ಕೇಳುವ ಮೌನ ಬೇಕು, ಇವರಿಗೆ ದಿನಕ್ಕೆ ಐದು ಕಾಲ್ ಇರುತ್ತವೆ. ಬೇರೆ ಕೋಣೆ ಇದ್ದರೆ ಕೊಡಿ. ಒಂದೇ ಹಾಲ್ ಆದರೆ ಬೇಡ, ಇಬ್ಬರೂ ಬಿಟ್ಟು ಹೋಗುತ್ತಾರೆ. ಫೋನಿನ ಕೋಣೆಗೆ ಗಾಜು ಒಪ್ಪುವುದಿಲ್ಲ, ಮಾತು ಒಳಗೆ ಗುಂಯ್‌ಗುಡುತ್ತದೆ. ದಪ್ಪ ಪರದೆ, ಚಾಪೆ, ಪುಸ್ತಕದ ಕಪಾಟು ದನಿಯನ್ನು ಹೀರಿಕೊಳ್ಳುತ್ತವೆ. ಜಾಗ ವಾಹನಗಳ ಸದ್ದಿರುವ ಪಿ.ಬಿ. ರಸ್ತೆಯ ಮೇಲಿದ್ದರೆ ಹಿಂದಿನ ಕೋಣೆಯನ್ನೇ ಇದಕ್ಕೆ ಇಟ್ಟುಕೊಳ್ಳಿ.

ರಾತ್ರಿ ಪಾಳಿಯೂ ಇದೆ. ಅಮೆರಿಕದ ಪೂರ್ವ ತೀರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ತಿರುಗಿಸುತ್ತಾರೆ. ಬ್ರಿಟನ್, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಈ ನಾಲ್ಕು ದಿನ ಗುರುತು ಹಾಕಿ. ಹತ್ತಿ ಗಿರಣಿಗಳಿದ್ದ ದಾವಣಗೆರೆಗೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಹರಿಹರಕ್ಕೂ ಪಾಳಿ ಹೊಸದಲ್ಲ. ಆದರೆ ಗಿರಣಿಯಿಂದ ನೂರಾರು ಜನ ಒಟ್ಟಿಗೆ ಹೊರಬರುತ್ತಿದ್ದರು. ಇಲ್ಲಿ ಮಧ್ಯರಾತ್ರಿ ಇಬ್ಬರೇ ಉಳಿದಿರುತ್ತಾರೆ. ಹೆಣ್ಣುಮಕ್ಕಳಿಗೆ ಮನೆ ಬಾಗಿಲವರೆಗೆ ವಾಹನ ಗೊತ್ತಾಗದೆ ರಾತ್ರಿ ಸೀಟು ಕೊಡಲೇಬಾರದು.

ತಿಂಗಳಿಗೊಮ್ಮೆ ಬೆಂಗಳೂರಿನ ಕಚೇರಿಗೆ ಮುಖ ತೋರಿಸಬೇಕಾದವರಿಗೆ ವಂದೇ ಭಾರತ್ ರೈಲು ಬಂದ ಮೇಲೆ ಹಿಂದಿರುಗುವುದು ಹಗುರವಾಗಿದೆ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ಗಾಡಿ ನಸುಕಿನಲ್ಲಿ ಬೆಂಗಳೂರು ಬಿಟ್ಟು ಒಂಬತ್ತು ದಾಟುವಷ್ಟರಲ್ಲಿ ದಾವಣಗೆರೆಗೆ ಬರುತ್ತದೆ. ಇಳಿದು ನೇರ ಸೀಟಿಗೆ ಹೋಗಿ ಹತ್ತರ ಮೀಟಿಂಗಿಗೆ ಕೂರಬಹುದು.

ಕಡಲೇ ಬೇಕೆನ್ನುವವರು ವರ್ಷಕ್ಕೊಂದು ವಾರ ತಂಡವಾಗಿ ಹೊರಡಿ. ಹರಿಹರ, ರಾಣೆಬೆನ್ನೂರು, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಗೋಕರ್ಣ ಹತ್ತಿರ. ಘಟ್ಟದಲ್ಲಿ ಸಿಗ್ನಲ್ ನಂಬಬೇಡಿ, ಆ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಗೆ ಮರ ಬಿದ್ದರೆ ಕರೆಂಟ್ ತಾಸುಗಟ್ಟಲೆ ಬರುವುದಿಲ್ಲ. ನವೆಂಬರ್ ಆದಮೇಲೆ ಹೋಗುವುದು ವಾಸಿ. ಉಪ್ಪುಗಾಳಿಗೆ ಚಾರ್ಜರ್‌ನ ಮೊನೆ ಹಸಿರುಗಟ್ಟುತ್ತದೆ, ಲ್ಯಾಪ್‌ಟಾಪನ್ನು ಮರಳ ಮೇಲೆ ತೆರೆಯಬೇಡಿ. ಫೋಟೊದಲ್ಲಿ ಚೆಂದ ಕಾಣುತ್ತದೆ, ಬಿಸಿಲಿಗೆ ಪರದೆ ಮಾತ್ರ ಕಾಣುವುದಿಲ್ಲ. ಕೋಣೆ ಕಾದಿರಿಸುವ ಮೊದಲು, ಕೂರುವ ಮೇಜಿನ ಹತ್ತಿರ ನಿಂತು ಸ್ಪೀಡ್ ಟೆಸ್ಟ್ ಮಾಡಿ ಕಳಿಸಿ ಎಂದು ಕೇಳಿ.

ಹರಿಹರದವರಿಗೆ ದಾವಣಗೆರೆ ಹದಿನಾಲ್ಕು ಕಿಲೊಮೀಟರ್, ಬಸ್ಸಿಗೆ ಬರವಿಲ್ಲ. ಆದರೂ ದಿನಾ ಹೋಗಿಬರುವುದರಲ್ಲಿ ಒಂದೂವರೆ ಗಂಟೆ ಕಳೆಯುತ್ತದೆ. ನಾಲ್ಕೈದು ಜನ ಸಿಕ್ಕರೆ ಅಲ್ಲೇ ಒಂದು ಕೋಣೆ ಹಿಡಿಯುವುದು ಮೇಲು. ಮೊದಲ ಮೂರು ತಿಂಗಳಿಗೆ ಹೊಸ ಮೇಜು ಕುರ್ಚಿ ಕೊಳ್ಳಬೇಡಿ, ಮನೆಯವೇ ಸಾಕು. ಹೊಸದಾಗಿ ಬೇಕಾದ್ದು ಎರಡು ನೆಟ್ ಲೈನು, ಒಂದು ಯುಪಿಎಸ್. ಬಾಡಿಗೆ ಕರಾರು ಹನ್ನೊಂದು ತಿಂಗಳಿನದಾದರೂ, ಮೂರು ತಿಂಗಳಿಗೆ ಬಿಡುವ ಅವಕಾಶ ಬರೆಸಿಕೊಳ್ಳಿ. ಯಾರಾದರೂ ಕೆಲಸ ಬದಲಿಸಿ ಬಿಟ್ಟರೆ ಅವರ ಪಾಲನ್ನು ಎಷ್ಟು ದಿನ ಕೊಡಬೇಕು, ಕೀ ಯಾರ ಹತ್ತಿರ ಇರಬೇಕು, ಬೆಳಗ್ಗೆ ಬಾಗಿಲು ತೆರೆಯುವವರು ಯಾರು: ಈ ಮೂರನ್ನು ಅಡ್ವಾನ್ಸ್ ಕೊಡುವ ಮೊದಲೇ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ.