ಸ್ಲೈಡ್ ಮಾಡುವ ಕೈ

ರಾಬರ್ಟ್ ಹುಕ್ ಜೀವಕೋಶ ಕಂಡ ಕತೆಯನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆ ಪಾಠದಲ್ಲಿ ಸೂಕ್ಷ್ಮದರ್ಶಕದ ಚಿತ್ರ ಇರುತ್ತದೆ, ಚಾಕುವಿನ ಮಾತು ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡ್ ನೋಡುತ್ತಲೇ ತಲೆ ನರೆತ ನನಗೆ ಆ ಚಾಕುವೇ ದೊಡ್ಡದಾಗಿ ಕಾಣುತ್ತದೆ.

1665ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಹುಕ್ ತಾನು ಮಾಡಿದ್ದನ್ನೆಲ್ಲ ಬಿಡಿಸಿ ಬರೆದಿದ್ದಾನೆ. ಬಾಟಲಿಯ ಬಿರಡೆ ಮಾಡುವ ಕಾರ್ಕ್ ತೊಗಟೆಯ ತುಂಡೊಂದನ್ನು ತೆಗೆದುಕೊಂಡ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಪುಟ್ಟ ಚಾಕುವಿನಿಂದ ಅದರ ಮೈಯನ್ನು ನಯವಾಗಿ ಕೊಯ್ದ. ನೋಡಿದರೆ ಏನೋ ತೂತುಗಳಿರುವ ಹಾಗೆ ಅನುಮಾನ, ಅಷ್ಟೆ. ಆಮೇಲೆ ಅಲ್ಲಿಂದಲೇ ತೀರಾ ತೆಳುವಾದ ಪದರವೊಂದನ್ನು ಸೀಳಿ ತೆಗೆದು, ಕಾರ್ಕ್ ಬೆಳ್ಳಗಿರುವುದರಿಂದ ಕಪ್ಪು ತಟ್ಟೆಯ ಮೇಲಿಟ್ಟು, ದಪ್ಪ ಮಸೂರವೊಂದರಿಂದ ಬೆಳಕು ಬೀಳಿಸಿದ. ಆಗ ಕಂಡವು ಗೂಡುಗಳು. ಅವನ್ನು ‘ಸೆಲ್’ ಎಂದು ಕರೆದ. ಒಂದು ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಗೂಡು ಎಣಿಸಿ, ಒಂದು ಘನ ಅಂಗುಲಕ್ಕೆ 125 ಕೋಟಿಗೂ ಹೆಚ್ಚು ಎಂದು ಲೆಕ್ಕ ಹಾಕಿದ. ಮಸೂರ ಎರಡು ಸಲವೂ ಅದೇ. ಬದಲಾದದ್ದು ಕೊಯ್ತ, ಹಿನ್ನೆಲೆ, ಬೆಳಕು. ಸ್ಲೈಡ್ ಮಾಡಿ ಗೊತ್ತಿರುವ ಯಾರಿಗಾದರೂ ಆ ಪುಟ ಓದಿದರೆ ಹುಕ್ ನಮ್ಮವನೇ ಅನ್ನಿಸುತ್ತದೆ.

ಅದೇ ಕಾಲಕ್ಕೆ ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಆಂಟನಿ ವಾನ್ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಪಂಡಿತರ ಲ್ಯಾಟಿನ್ ಬಾರದು, ಬರೆದದ್ದೆಲ್ಲ ತನ್ನ ಡಚ್ ಭಾಷೆಯಲ್ಲೇ. ಅವನ ಉಪಕರಣ ಅಂಗೈಯಲ್ಲಿ ಅಡಗುವಂಥದ್ದು. ಎರಡು ಪುಟ್ಟ ಹಿತ್ತಾಳೆ ತಗಡು, ಅವುಗಳ ನಡುವೆ ಸಿಕ್ಕಿಸಿದ ಒಂದೇ ಒಂದು ಸಣ್ಣ ಮಸೂರ, ಅದರ ಮುಂದೆ ಒಂದು ಮೊಳೆ. ನೋಡಬೇಕಾದ್ದನ್ನು ಆ ಮೊಳೆಯ ತುದಿಗೆ ಅಂಟಿಸಿ, ಸ್ಕ್ರೂ ತಿರುಗಿಸಿ ಹತ್ತಿರ ದೂರ ಮಾಡಿಕೊಂಡು, ತಗಡನ್ನು ಕಣ್ಣಿಗೆ ಒತ್ತಿ ಬೆಳಕಿನ ಕಡೆ ಹಿಡಿಯಬೇಕು. ಈಗಲೂ ಉಟ್ರೆಕ್ಟ್ ಊರಿನಲ್ಲಿ ಉಳಿದಿರುವ ಅವನ ಒಂದು ಉಪಕರಣ 260 ಪಟ್ಟಿಗೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ. ತನ್ನ ಮಸೂರದ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. 2021ರಲ್ಲಿ ವಿಜ್ಞಾನಿಗಳು ಉಪಕರಣವನ್ನು ಬಿಚ್ಚದೆ ನ್ಯೂಟ್ರಾನ್ ಕಿರಣ ಹಾಯಿಸಿ ನೋಡಿದಾಗ ಒಳಗಿದ್ದದ್ದು ಬೆಂಕಿಯಲ್ಲಿ ಕರಗಿಸಿ ಮಾಡಿದ ಗಾಜಿನ ಮಣಿ. ಅಂಥ ಮಣಿ ಮಾಡುವ ವಿಧಾನವನ್ನು ಹುಕ್ ತನ್ನ ಪುಸ್ತಕದ ಮುನ್ನುಡಿಯಲ್ಲೇ ಬರೆದಿದ್ದ. ಅಂದರೆ ದಾರಿ ಎಲ್ಲರಿಗೂ ತೆರೆದೇ ಇತ್ತು. ಕೂತು ನೋಡಿದವನು ಬಟ್ಟೆ ವ್ಯಾಪಾರಿ.

1674ರಲ್ಲಿ ಅವನು ಕಾರ್ಕ್ ಮತ್ತು ಗಿಡದ ಬೆಂಡಿನ ತೆಳು ಕೊಯ್ತಗಳನ್ನು ಕಾಗದದಲ್ಲಿ ಮಡಚಿ ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಗೆ ಕಳಿಸಿದ್ದ. ಆ ಪೊಟ್ಟಣಗಳು 1981ರಲ್ಲಿ ಸಿಕ್ಕವು, ಕೊಯ್ತಗಳು ಹಾಗೇ ಇದ್ದವು. ಇವತ್ತು ನಾವು ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ಮೈಕ್ರೋಟೋಮ್ ಯಂತ್ರದಲ್ಲಿ ಕೊಯ್ಯುತ್ತೇವೆ, ಆದರೂ ಪದರ ಹರಿಯುವುದುಂಟು. ಬರಿ ಕತ್ತಿಯಿಂದ ಅಷ್ಟು ತೆಳುವಾಗಿ ಕೊಯ್ದ ಆ ಕೈಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಕರಿಮೆಣಸು ಯಾಕೆ ಖಾರ ಎಂದು ತಿಳಿಯಲು ಅವನು ಮೆಣಸನ್ನು ನೀರಲ್ಲಿ ನೆನೆಹಾಕಿದ. ಕೆಲವು ವಾರ ಕಳೆದು ನೋಡಿದರೆ ನೀರು ತುಂಬ ಹರಿದಾಡುವ ಜೀವಿಗಳು. ಅವುಗಳಲ್ಲಿ ತೀರಾ ಸಣ್ಣವು ನಾವೀಗ ಬ್ಯಾಕ್ಟೀರಿಯಾ ಎನ್ನುವಂಥವು. 1676ರ ಅಕ್ಟೋಬರಿನಲ್ಲಿ ಈ ಸಂಗತಿಯನ್ನು ಲಂಡನ್ನಿಗೆ ಬರೆದಾಗ ನಂಬುವವರು ಕಡಿಮೆ. ಪಾದ್ರಿಗಳೂ ಸೇರಿ ಊರಿನ ಎಂಟು ಮಂದಿ ಗಣ್ಯರಿಗೆ ತೋರಿಸಿ ಸಾಕ್ಷಿಪತ್ರ ಬರೆಸಿ ಕಳಿಸಿದ. ಪರೀಕ್ಷೆ ಮಾಡುವ ಹೊಣೆ ಹುಕ್‌ನ ಪಾಲಿಗೆ ಬಂತು. ಮೊದಮೊದಲು ಏನೂ ಕಾಣಲಿಲ್ಲ. ಅವನು ಕೈಬಿಡದೆ ಹೊಸದಾಗಿ ಮೆಣಸಿನ ನೀರು ಮಾಡಿ, ಕೂದಲೆಳೆಯಂಥ ಗಾಜಿನ ಕೊಳವೆಗೆ ತುಂಬಿ, ಮಸೂರವನ್ನೂ ಉತ್ತಮಪಡಿಸಿ, 1677ರ ನವೆಂಬರ್ 15ರಂದು ಸೊಸೈಟಿಯ ಸಭೆಗೆ ಆ ಜೀವಿಗಳನ್ನು ತೋರಿಸಿಬಿಟ್ಟ. ಇನ್ನೊಬ್ಬ ಕಂಡದ್ದನ್ನು ನಿಜವೆಂದು ತೋರಿಸಲು ಇಷ್ಟು ಪಾಡುಪಟ್ಟ ಹುಕ್‌ನ ಈ ಮುಖವನ್ನು ಮಕ್ಕಳಿಗೆ ಹೇಳಲೇಬೇಕು.

ಮುಂದಿನ ನೂರೈವತ್ತು ವರ್ಷ ಕೆಲಸ ಕುಂಟುತ್ತಲೇ ಸಾಗಿತು. ಹಲವು ಮಸೂರ ಜೋಡಿಸಿದ ಯಂತ್ರಗಳಲ್ಲಿ ಪ್ರತಿ ವಸ್ತುವಿನ ಅಂಚಿಗೂ ಬಣ್ಣ ಬಣ್ಣದ ಗೆರೆ ಮೂಡಿ ನೋಟ ಮಸುಕಾಗುತ್ತಿತ್ತು. ಆ ದೋಷ ತಗ್ಗಿಸಿ ಮಸೂರ ಜೋಡಿಸುವ ಲೆಕ್ಕವನ್ನು 1830ರಲ್ಲಿ ಕೊಟ್ಟವನು ಜೋಸೆಫ್ ಜಾಕ್ಸನ್ ಲಿಸ್ಟರ್, ವೃತ್ತಿಯಲ್ಲಿ ವೈನ್ ವ್ಯಾಪಾರಿ. ಮರುವರ್ಷವೇ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿದ. ಸಸ್ಯಗಳೆಲ್ಲ ಕೋಶಗಳಿಂದಲೇ ಆಗಿವೆ ಎಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೇ ಎಂದು 1839ರಲ್ಲಿ ಶ್ವಾನ್ ಹೇಳಿದರು. ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂಬುದು ಗಟ್ಟಿಯಾದದ್ದು 1850ರ ದಶಕದಲ್ಲಿ, ರೆಮಾಕ್ ಮತ್ತು ವಿರ್ಚೋ ಅವರಿಂದ.

ಇನ್ನೂ ಒಂದು ತೊಡಕಿತ್ತು. ಜೀವಕೋಶದ ಒಳಗಿರುವುದು ಬಹುಪಾಲು ಬಣ್ಣವಿಲ್ಲದ ವಸ್ತು. ಬೆಳಕು ಅದನ್ನು ಹಾಯ್ದು ಹೋಗುತ್ತದೆ, ಕಣ್ಣಿಗೆ ಏನೂ ಸಿಗುವುದಿಲ್ಲ. ಲೇವೆನ್‌ಹುಕ್ ಮುಪ್ಪಿನಲ್ಲಿ ಮಾಂಸದ ಎಳೆಗಳಿಗೆ ಕೇಸರಿಯ ಬಣ್ಣ ಹಚ್ಚಿ ನೋಡಿದ್ದ. ಬಟ್ಟೆಯ ಬಣ್ಣದ ಕಾರ್ಖಾನೆಗಳು ಹೊಸ ಹೊಸ ಬಣ್ಣ ತಯಾರಿಸತೊಡಗಿದ ಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸ್ಟೇನ್ ಹಾಕುವುದೇ ಒಂದು ವಿದ್ಯೆಯಾಯಿತು.

ನಾವು ಬಳಸುವ ಲೀಶ್ಮನ್ ಸ್ಟೇನ್ 1901ರದ್ದು. ಸ್ಲೈಡಿನ ಮೇಲೆ ರಕ್ತದ ಹನಿ ಇಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು. ಕೈ ನಡುಗಿದರೆ ಸ್ಮಿಯರ್ ಮೇಲೆ ಪಟ್ಟೆ ಬೀಳುತ್ತದೆ. ಒಣಗಿದ ಮೇಲೆ ಸ್ಟೇನ್ ಸುರಿದು ಎರಡು ನಿಮಿಷ, ಬಫರ್ ನೀರು ಬೆರೆಸಿ ಹತ್ತು ನಿಮಿಷದಷ್ಟು. ನೀರಿನಲ್ಲಿ ಹುಳಿ ಅಂಶ ಹೆಚ್ಚಿದರೆ ನೀಲಿ ಏಳುವುದೇ ಇಲ್ಲ. ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಹಾಕಿ ನೂರರ ಲೆನ್ಸ್ ಇಳಿಸುತ್ತೇವೆ. ಗಾಜಿನಷ್ಟೇ ಬೆಳಕನ್ನು ಬಾಗಿಸುವ ಆ ಎಣ್ಣೆಯಿಂದ ಲೆನ್ಸಿಗೆ ಹೆಚ್ಚು ಬೆಳಕು ಸಿಗುತ್ತದೆ, 1870ರ ದಶಕದಲ್ಲಿ ಜರ್ಮನಿಯ ಅಬ್ಬೆ ಮತ್ತು ಝೈಸ್ ಇದನ್ನು ಬಳಕೆಗೆ ತಂದರು. ಮಲೇರಿಯಾ ಇದ್ದರೆ ಗುಲಾಬಿ ಕೆಂಪುಕಣದ ಒಳಗೆ ತೆಳ್ಳನೆಯ ನೀಲಿ ಬಳೆ, ಅದರ ಅಂಚಿಗೆ ಒಂದು ಕೆಂಪು ಚುಕ್ಕೆ, ಕಲ್ಲು ಕೂರಿಸಿದ ಉಂಗುರವೇ.

ಮಲೇರಿಯಾ ತರುವ ಈ ಪರೋಪಜೀವಿಯನ್ನು 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಸ್ಟೇನ್ ಇಲ್ಲದೆಯೇ ಕಂಡ. ಅದು ಸೊಳ್ಳೆಯ ಒಳಗೂ ಬೆಳೆಯುತ್ತದೆ ಎಂದು ತೋರಿಸಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದವನು. ಕಿಟಕಿಯ ಪಕ್ಕದ ನೀರಿನ ತೊಟ್ಟಿ ಬರಿದು ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅವನು ಗಮನಿಸಿದ್ದು ಇಲ್ಲಿಯೇ. ಹದಿನಾಲ್ಕು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಕೊಯ್ದು ನೋಡುತ್ತ ಕೂತಾಗ ಬೆವರು ಬಿದ್ದು ಸೂಕ್ಷ್ಮದರ್ಶಕದ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು, ಉಳಿದಿದ್ದ ಒಂದೇ ಐಪೀಸ್ ಸೀಳಿತ್ತು. ಕೊಯ್ದ ಸೊಳ್ಳೆ ಹಾರಿಹೋಗುತ್ತದೆಂದು ಪಂಖಾ ಎಳೆಸುವಂತಿರಲಿಲ್ಲ. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು.

ಈಗ ಮಲೇರಿಯಾ ಪತ್ತೆಗೆ ಕಾರ್ಡ್ ಟೆಸ್ಟ್ ಬಂದಿದೆ, ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಆದರೂ ಪರೋಪಜೀವಿ ಎಷ್ಟಿದೆ, ಔಷಧಿ ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂಬುದನ್ನು ಸ್ಲೈಡಿನಲ್ಲೇ ಎಣಿಸಬೇಕು. ರಕ್ತವನ್ನು ದಪ್ಪಗೆ ಹರಡಿದ ಸ್ಮಿಯರಿನಲ್ಲಿ ಕನಿಷ್ಠ ನೂರು ಫೀಲ್ಡ್, ಅಂದರೆ ಲೆನ್ಸಿಗೆ ಒಮ್ಮೆಗೆ ಕಾಣುವಂಥ ನೂರು ಜಾಗ, ನೋಡದೆ ನೆಗೆಟಿವ್ ಎಂದು ಬರೆಯುವ ಹಾಗಿಲ್ಲ.