‘ಫೇರ್’: ಒಂದು ವಿಶೇಷಣದ ಅರ್ಥವಿಚಾರ

ಅಂಬರನಾಥದಲ್ಲಿ ಪಡಿತರ ಅಂಗಡಿಗೆ ‘ರಾಸ್ತ ಭಾವ ದುಕಾನ’ ಎಂದು ಹೆಸರು. ನಮ್ಮ ನಾಡಿನಲ್ಲಿ ಅದೇ ‘ನ್ಯಾಯಬೆಲೆ ಅಂಗಡಿ’. ಎರಡೂ ‘ಫೇರ್ ಪ್ರೈಸ್ ಶಾಪ್’ ಎಂಬುದರ ಭಾಷಾಂತರಗಳೇ. ಮರಾಠಿಯು ‘ನೇರವಾದುದು’ ಎಂಬರ್ಥದ ಪಾರಸಿ ಶಬ್ದವನ್ನು ಆರಿಸಿಕೊಂಡಿತು, ಕನ್ನಡವು ನ್ಯಾಯವನ್ನು. ಇಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಈಚೆಗೆ ಪರಿಚಿತರೊಬ್ಬರು ಮಗಳ ವಿವಾಹಪ್ರಕಟಣೆಯ ಇಂಗ್ಲಿಷ್ ಕರಡನ್ನು ಕನ್ನಡಿಸಲು ತಂದಾಗ, ಅದರಲ್ಲಿದ್ದ ‘ಫೇರ್’ ಶಬ್ದದ ಬಳಿ ನನ್ನ ಲೇಖನಿ ನಿಂತಿತು. ಹುಡುಗಿ ಶ್ಯಾಮಲವರ್ಣದವಳು, ಎಲ್ಲರೂ ಹಾಗೆಯೇ ಬರೆಯುತ್ತಾರೆಂದು ತಂದೆ ಬರೆದಿದ್ದರು.

ಈ ಶಬ್ದದ ಮೂಲವು ಪ್ರಾಚೀನ ಇಂಗ್ಲಿಷಿನಲ್ಲಿದೆ. ಅಲ್ಲಿ ಅದಕ್ಕೆ ಸುಂದರ, ಕಣ್ಣಿಗೆ ಹಿತವಾದ ಎಂದರ್ಥ. ಅದರ ಜ್ಞಾತಿಶಬ್ದವಾದ ಗಾಥಿಕದ ‘ಫಗ್ರ್ಸ್’ ತಕ್ಕುದು, ಯೋಗ್ಯವಾದುದು ಎಂಬುದನ್ನು ಸೂಚಿಸುತ್ತದೆ. ಮೂಲಾರ್ಥದಲ್ಲಿ ಬಣ್ಣದ ಸುಳಿವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆ ನಾಡಿನ ಜನ ಚೆಲುವನ್ನು ಬಿಳುಪಿನಲ್ಲಿಯೂ ಹೊಂಗೂದಲಿನಲ್ಲಿಯೂ ಕಂಡುದರಿಂದ ವರ್ಣಾರ್ಥವು ಮುಂದೆ ಸೇರಿಕೊಂಡಿತು. ನಿಷ್ಪಕ್ಷಪಾತವೆಂಬ ಅರ್ಥವು 14ನೆಯ ಶತಮಾನದಲ್ಲಿ ಕಾಣಿಸುತ್ತದೆ. ಜಾತ್ರೆ ಎಂಬರ್ಥದ ‘ಫೇರ್’ ಮಾತ್ರ ಬೇರೆ ಶಬ್ದ. ಅದು ಲ್ಯಾಟಿನಿನ, ಹಬ್ಬದ ದಿನ ಎಂಬರ್ಥದ ‘ಫೇರಿಯಾ’ದಿಂದ ಬಂದುದು.

ಒಂದೇ ಇಂಗ್ಲಿಷ್ ಶಬ್ದವು ಹೊತ್ತ ಈ ಹೊರೆಯನ್ನು ಕನ್ನಡವು ಹಲವು ಶಬ್ದಗಳಿಗೆ ಹಂಚಿಕೊಟ್ಟಿದೆ. ರೂಪಕ್ಕೆ ಚೆಲುವು, ಅಂದ, ಲಕ್ಷಣ. ಮೈಬಣ್ಣಕ್ಕೆ ಬೆಳ್ಳಗೆ, ಕೆಂಪಗೆ, ಗೌರವರ್ಣ. ವ್ಯವಹಾರಕ್ಕೆ ನ್ಯಾಯವಾದ, ಸಮಂಜಸ. ತಿದ್ದಿ ಬರೆದ ಪ್ರತಿಗೆ ಶುದ್ಧಪ್ರತಿ. ಮೋಡವಿಲ್ಲದ ಬಾನಿಗೆ ತಿಳಿ. ಒಳ್ಳೆಯದೂ ಅಲ್ಲದ ಕೆಟ್ಟದೂ ಅಲ್ಲದ ಸ್ಥಿತಿಗೆ ಸಾಧಾರಣ. ‘ಉಚಿತ’ವು ಗಾಥಿಕದ ಅರ್ಥಕ್ಕೆ ಅತಿ ಸಮೀಪದ್ದು, ಆದರೆ ಈಗ ಅದು ಪುಕ್ಕಟೆ ಎಂಬರ್ಥದಲ್ಲಿ ರೂಢವಾಗಿರುವುದರಿಂದ ಬೆಲೆಯ ಮಾತಿಗೆ ಒದಗದು. 2003ರಲ್ಲಿ ರಿಸರ್ವ್ ಬ್ಯಾಂಕು ಸಾಲ ಕೊಡುವ ಸಂಸ್ಥೆಗಳಿಗೆ ಹೊರಡಿಸಿದ ‘ಫೇರ್ ಪ್ರಾಕ್ಟೀಸಸ್ ಕೋಡ್’ನ ವಿಶೇಷಣಕ್ಕೆ ‘ನ್ಯಾಯಸಮ್ಮತ’ವೇ ಸರಿ.

ಅರ್ಥಗಳು ಕಲೆತಾಗ ತೊಡಕು ಹುಟ್ಟುತ್ತದೆ. ಚೆಲುವು, ಬಿಳುಪು, ನ್ಯಾಯ ಮೂರಕ್ಕೂ ಒಂದೇ ಶಬ್ದವಾದರೆ, ಬಿಳುಪಿಲ್ಲದವರಲ್ಲಿ ಉಳಿದೆರಡೂ ಕಡಿಮೆಯೆಂಬ ಭಾವನೆ ಅರಿವಿಲ್ಲದೆ ನುಸುಳುತ್ತದೆ. 1975ರಲ್ಲಿ ನಮ್ಮ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಲೇಪನದ ಹೆಸರಿನಿಂದ ಮೊದಲ ಶಬ್ದವನ್ನು ಕೈಬಿಟ್ಟದ್ದು 2020ರಲ್ಲಿ. ಕನ್ನಡದ ‘ಚೆಲುವು’ ಇಂತಹ ಪಕ್ಷಪಾತವನ್ನು ಬಲ್ಲದಲ್ಲ. ಕರ್ಣಾಟವೆಂಬ ಹೆಸರಿಗೇ ‘ಕರಿಮಣ್ಣಿನ ನಾಡು’ ಎಂಬ ನಿಷ್ಪತ್ತಿಯೊಂದುಂಟು. ಶಿಲಾಹಾರರು ಕಟ್ಟಿಸಿದ, ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವುಳ್ಳ ನಮ್ಮೂರಿನ ಶಿವಾಲಯವೂ ಕರಿಗಲ್ಲಿನದೇ. ಅದನ್ನು ಕಂಡವರಾರೂ ಸುಂದರವಲ್ಲವೆನ್ನಲಾರರು.

ಪ್ರಕಟಣೆಯಲ್ಲಿ ನಾನು ‘ಲಕ್ಷಣವಂತೆ’ ಎಂದು ಬರೆದೆ. ಅದು ನಿಜವೂ ಆಗಿತ್ತು. ತಂದೆಯವರು ಓದಿ ಕ್ಷಣಕಾಲ ಸುಮ್ಮನಿದ್ದು, ಇಂಗ್ಲಿಷ್ ಕರಡಿನಲ್ಲಿದ್ದ ಆ ಶಬ್ದವನ್ನೂ ಹೊಡೆದುಹಾಕಿದರು. ಪರನುಡಿಯ ಶಬ್ದವನ್ನು ಬರಮಾಡಿಕೊಳ್ಳುವಾಗ ಅದರ ಯಾವ ಅರ್ಥವನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೇ ನಿಲ್ಲಿಸಬೇಕು ಎಂಬ ವಿವೇಚನೆ, ಎರಡು ನುಡಿಗಳ ನಡುವೆ ಬಾಳುವ ನಮಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕು.