ಗುಟ್ಟು ಗೊತ್ತಿದ್ದ ಗೆಳೆಯ

ಮುಧೋಳದ ಕವಿ ರನ್ನನಿಗೂ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸಿಗೂ ಎಲ್ಲಿಯ ನಂಟು ಅಂತೀರಾ? ಕೇಳ್ರಿ.

ಹಗಲಿಗೊಂದು ಹೆಸರು, ಮುಖವಾಡ ಹಾಕಿದ್ರೆ ಇನ್ನೊಂದು. ಗುಟ್ಟು ಮನೆಯವರಿಗೂ ಗೊತ್ತಾಗಬಾರದು. ಸೂಪರ್‌ಹೀರೋಗಳ ಈ ಪಾಡನ್ನ ಗೇ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ರೆ 1954ರ ಕಾಮಿಕ್ಸ್ ಕೋಡ್ ಅನ್ನೋ ಪ್ರಕಾಶಕರ ನಿಯಮಾವಳಿ ಸಲಿಂಗ ಪ್ರೀತಿಯನ್ನ ಪುಟದಿಂದಲೇ ಹೊರಗಿಟ್ಟಿತ್ತು. ಮಾರ್ವೆಲ್‌ನ ನಾರ್ತ್‌ಸ್ಟಾರ್ ಹುಟ್ಟಿದ್ದು 1979ರಲ್ಲಿ, ತಾನು ಗೇ ಅಂತ ಬಾಯಿಬಿಟ್ಟಿದ್ದು 1992ರಲ್ಲಿ, ಮದುವೆಯಾಗಿದ್ದು 2012ರಲ್ಲಿ. ಹಾರೋ ಶಕ್ತಿ ಇದ್ದವನಿಗೇ ಇಷ್ಟು ತಡ!

ಈಗ ರನ್ನ. ಹತ್ತನೇ ಶತಮಾನದ ‘ಗದಾಯುದ್ಧ’ದಲ್ಲಿ ಕರ್ಣನ ಹೆಣದ ಮುಂದೆ ನಿಂತು ದುರ್ಯೋಧನ ಗೋಳಾಡ್ತಾನೆ. ನೀನು ಯಾರ ಮಗ ಅನ್ನೋದು ನನಗೆ ಗೊತ್ತಿತ್ತು, ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿತ್ತು, ಮಿಕ್ಕವರಿಗಿಲ್ಲ ಅಂತಾನೆ. ಗೊತ್ತಿದ್ದೂ ಗುಟ್ಟು ಬಿಡಲಿಲ್ಲ, ಗೆಳೆಯನನ್ನೂ ಬಿಡಲಿಲ್ಲ.

ಇದನ್ನ ಸಲಿಂಗ ಪ್ರೇಮದ ಕಾವ್ಯ ಅಂದ್ರೆ ಎಳೆದು ತಂದ ಮಾತಾಗತ್ತೆ. ಆದ್ರೆ ಜಮಖಂಡಿಯಲ್ಲೋ ಬೀಳಗಿಯಲ್ಲೋ ರಬಕವಿ-ಬನಹಟ್ಟಿಯ ಮಗ್ಗದ ಸದ್ದಿನ ನಡುವೆಯೋ ಮನಸ್ಸಿನ ಮಾತು ಮುಚ್ಚಿಟ್ಟುಕೊಂಡ ಹುಡುಗನಿಗೆ, ಎಲ್ಲಾ ಗೊತ್ತಿದ್ದೂ ಜೊತೆಗಿರೋ ಇಂಥ ಗೆಳೆಯ ಸೂಪರ್‌ಹೀರೋಗಿಂತ ದೊಡ್ಡವನು. ಬ್ಯಾಟ್‌ಮನ್-ರಾಬಿನ್ ಜೋಡಿಯನ್ನ ಗೇ ಅಭಿಮಾನಿಗಳು ಓದ್ಕೊಂಡಿದ್ದೂ ಹೀಗೇ, ಬರೆದವರು ಬಿಟ್ಟ ಜಾಗದಲ್ಲಿ ತಮ್ಮನ್ನ ತಾವೇ ಇಟ್ಟುಕೊಂಡು.

ಕನ್ನಡದಲ್ಲಿ ಸಲಿಂಗ ಪ್ರೀತಿಯ ಕಥೆಗಳ ಪುಸ್ತಕ, ವಸುಧೇಂದ್ರರ ‘ಮೋಹನಸ್ವಾಮಿ’, 2013ರಲ್ಲೇ ಬಂತು. ಸುಪ್ರೀಂ ಕೋರ್ಟ್ 2018ರಲ್ಲಿ, ಈ ಪ್ರೀತಿ ಅಪರಾಧ ಅಲ್ಲ ಅಂತು. ಚಿತ್ರ ಬಿಡಿಸೋ ಕೈ ನಿಮ್ಮದಾಗಿದ್ರೆ, ನಮ್ಮೂರಿನ ಗೇ ಸೂಪರ್‌ಹೀರೋನ ನೀವೇ ಶುರು ಮಾಡ್ರಿ.